ಲೋಹದ ಮೈಮೇಲೆ ನೀಲಿಯ ಅಣು: ಒಂದು ಕಾಂತಗುಣದ ಚರಿತ್ರೆ

ಅಣುವೊಂದಕ್ಕೆ ಕಾಂತಗುಣ ಇದೆಯೋ ಇಲ್ಲವೋ ಎಂಬುದನ್ನು ಆ ಅಣುವಿನ ಒಳರಚನೆಯೇ ತೀರ್ಮಾನಿಸುತ್ತದೆ, ಅದು ಎಲ್ಲಿ ಕುಳಿತಿದೆ ಎಂಬುದಕ್ಕೆ ಅಲ್ಲಿ ಹೆಚ್ಚಿನ ಬೆಲೆಯಿಲ್ಲ ಎಂಬ ತಿಳಿವಳಿಕೆ ರಸಾಯನಶಾಸ್ತ್ರದಲ್ಲಿ ದೀರ್ಘಕಾಲ ನೆಲೆನಿಂತಿತ್ತು. ಎಲೆಕ್ಟ್ರಾನಿಗೆ ವಿದ್ಯುದಂಶವಿರುವಂತೆ ಸ್ಪಿನ್ ಎಂಬ ಇನ್ನೊಂದು ಹುಟ್ಟುಗುಣವೂ ಇದ್ದು, ಅದರ ಬಲದಿಂದ ಪ್ರತಿಯೊಂದು ಎಲೆಕ್ಟ್ರಾನೂ ಅತಿ ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ಎರಡು ಎಲೆಕ್ಟ್ರಾನುಗಳು ಎದುರುಬದುರು ದಿಕ್ಕಿನ ಸ್ಪಿನ್‌ಗಳೊಡನೆ ಜೋಡಿಯಾದಾಗ ಒಂದರ ಕಾಂತಗುಣವನ್ನು ಇನ್ನೊಂದು ಅಳಿಸುತ್ತದೆ, ಜೋಡಿ ಸಿಗದ ಎಲೆಕ್ಟ್ರಾನುಗಳಿದ್ದರೆ ಮಾತ್ರ ಅಣು ಅಯಸ್ಕಾಂತದ ಕಡೆಗೆ ಸೆಳೆಯಲ್ಪಡುತ್ತದೆ. ಹರಳಿನಲ್ಲಿಯೋ ದ್ರಾವಣದಲ್ಲಿಯೋ ಇರುವ ಅಣುಗಳ ಮಟ್ಟಿಗೆ ಈ ಲೆಕ್ಕ ಚೆನ್ನಾಗಿ ನಡೆಯಿತು. ಆದರೆ ಅದೇ ಅಣುವನ್ನು ಚಿನ್ನ, ಬೆಳ್ಳಿ ಅಥವಾ ನಿಕ್ಕಲ್ಲಿನ ನುಣುಪಾದ ಮೈಮೇಲೆ ಕೂರಿಸಿದಾಗ ಅದರ ಕಾಂತಗುಣ ಒಮ್ಮೆ ಮಾಯವಾಗುವುದೂ ಒಮ್ಮೆ ಬದಲಾಗುವುದೂ, ಇಲ್ಲದ ಕಾಂತಗುಣ ಹೊಸದಾಗಿ ಹುಟ್ಟುವುದೂ ಕಂಡುಬಂದಿತು. ಹೀಗೆ ಅಣುಗಳು ಘನವಸ್ತುವಿನ ಒಳಕ್ಕೆ ಇಳಿಯದೆ ಅದರ ಹೊರಮೈಗೆ ಮಾತ್ರ ಹತ್ತಿಕೊಂಡು ನಿಲ್ಲುವುದಕ್ಕೆ ಅಧಿಶೋಷಣೆ ಎಂದು ಹೆಸರು. ಅಧಿಶೋಷಿತ ಅಣುಗಳ ಕಾಂತಗುಣವನ್ನು ಕುರಿತ ಇಂದಿನ ತಿಳಿವಳಿಕೆ ಎರಡು ದೂರದ ಮೂಲಗಳಿಂದ ಬಂದದ್ದು: ಒಂದು ಯುರೋಪಿನ ಬಣ್ಣದ ಕಾರ್ಖಾನೆಗಳ ಕಸುಬು, ಇನ್ನೊಂದು ಅತಿಶೀತದಲ್ಲಿ ಲೋಹಗಳನ್ನು ಅಳೆಯುತ್ತಿದ್ದ ಪ್ರಯೋಗಾಲಯಗಳ ದುಡಿಮೆ. ಎರಡು ಕಡೆಯೂ ಆರಂಭದಲ್ಲಿ ಕಂಡದ್ದು ಒಂದು ಕೊರೆ, ಇರಬಾರದ ಜಾಗದಲ್ಲಿ ಬೆರೆತ ಕಬ್ಬಿಣದ ಚೂರು ಎಂಬುದು ಈ ಚರಿತ್ರೆಯ ಗಮನಾರ್ಹ ಸಂಗತಿ.

ಅಣುಗಳ ಕಾಂತಗುಣವನ್ನು ತೂಗಿ ನೋಡುವ ಕೆಲಸ ಇದಕ್ಕಿಂತ ಹಳೆಯದು. ಮೈಕೆಲ್ ಫ್ಯಾರಡೆ 1845ರಲ್ಲಿ ಒಣಗಿದ ರಕ್ತವನ್ನು ಅಯಸ್ಕಾಂತದ ಧ್ರುವಗಳ ನಡುವೆ ಇಟ್ಟು, ಕಬ್ಬಿಣವಿದ್ದರೂ ಅದು ಸೆಳೆತಕ್ಕೆ ಒಳಗಾಗದಿರುವುದನ್ನು ಬರೆದಿಟ್ಟನು. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೋರಿಯೆಲ್ ಅವರು ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ನಿನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳಿಲ್ಲವೆಂದೂ ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನಿನ ಪ್ರತಿ ಕಬ್ಬಿಣದ ಪರಮಾಣುವಿನಲ್ಲಿ ಅಂಥ ನಾಲ್ಕು ಎಲೆಕ್ಟ್ರಾನುಗಳಿವೆಯೆಂದೂ ತೋರಿಸಿ, ಲೋಹದ ಪರಮಾಣುವಿನ ಕಾಂತಗುಣ ಅದರ ನೆರೆಹೊರೆಯನ್ನು ಅವಲಂಬಿಸಿ ಬದಲಾಗುತ್ತದೆಂಬುದಕ್ಕೆ ಬಲವಾದ ಸಾಕ್ಷ್ಯ ಕೊಟ್ಟರು. ಭಾರತದಲ್ಲಿಯೂ ಈ ಶಾಖೆ ಆಗಲೇ ಬೇರೂರಿತ್ತು; ಲಾಹೋರಿನಲ್ಲಿ ಶಾಂತಿಸ್ವರೂಪ ಭಟ್ನಾಗರ್ ಮತ್ತು ಕೆ. ಎನ್. ಮಾಥುರ್ 1928ರಲ್ಲಿ ವಸ್ತುಗಳ ಕಾಂತಗುಣವನ್ನು ಸೂಕ್ಷ್ಮವಾಗಿ ಅಳೆಯುವ ತಕ್ಕಡಿಯೊಂದನ್ನು ರೂಪಿಸಿದರು, 1935ರಲ್ಲಿ ಕಾಂತ ರಸಾಯನಶಾಸ್ತ್ರವನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. ಲೋಹದ ಮೈಗೂ ಅದಕ್ಕೆ ಅಂಟಿದ ಅಣುವಿಗೂ ನಡುವಿನ ಕಾಂತಸಂಬಂಧವನ್ನು ನೇರವಾಗಿ ಹಿಡಿದವರಲ್ಲಿ ಅಮೆರಿಕದ ಪಿಯರ್ಸ್ ಸೆಲ್‌ವುಡ್ ಪ್ರಮುಖರು. ನಿಕ್ಕಲ್ಲಿನ ನುಣ್ಣನೆಯ ಕಣಗಳ ಮೇಲೆ ಜಲಜನಕ ಅಂಟಿಕೊಂಡಾಗ ನಿಕ್ಕಲ್ಲಿನ ಕಾಂತತ್ವವೇ ಕುಗ್ಗುತ್ತದೆಂದು ಅವರು ಅಳೆದು ತೋರಿಸಿದರು. ಆದರೆ ಆ ಅಳತೆಗಳಲ್ಲಿ ಸಿಕ್ಕುತ್ತಿದ್ದದ್ದು ಕೋಟ್ಯಂತರ ಕಣಗಳ ಸರಾಸರಿ. ಒಂದೇ ಒಂದು ಅಣು ಲೋಹದ ಮೇಲೆ ಕುಳಿತು ಏನು ಮಾಡುತ್ತಿದೆ ಎಂಬುದು ಅವುಗಳಿಂದ ತಿಳಿಯುವಂತಿರಲಿಲ್ಲ.

ಆ ಒಂದೇ ಅಣುವನ್ನು ಒದಗಿಸಿದ್ದು ಬಣ್ಣದ ಉದ್ಯಮ. 1907ರಲ್ಲಿ ಲಂಡನ್ನಿನ ಸೌತ್ ಮೆಟ್ರೊಪಾಲಿಟನ್ ಗ್ಯಾಸ್ ಕಂಪನಿಯ ಇಬ್ಬರು ರಸಾಯನಜ್ಞರು, ಬ್ರೌನ್ ಮತ್ತು ಚರ್ನಿಯಾಕ್, ಬೇರೆ ಯಾವುದೋ ಪದಾರ್ಥವನ್ನು ಕಾಯಿಸುತ್ತಿದ್ದಾಗ ತಳದಲ್ಲಿ ಚಿಟಿಕೆಯಷ್ಟು ನೀಲಿ ಪದಾರ್ಥ ಉಳಿದದ್ದನ್ನು ಕಂಡು ಅದನ್ನು ದಾಖಲಿಸಿ ಮುಂದೆ ಸಾಗಿದರು. 1927ರಲ್ಲಿ ಸ್ವಿಟ್ಜರ್ಲೆಂಡಿನ ಫ್ರಿಬೂರ್ ವಿಶ್ವವಿದ್ಯಾಲಯದ ಡಿ ಡೀಸ್‌ಬಾಕ್ ಮತ್ತು ಫಾನ್ ಡೆರ್ ವೈಡ್ ಅವರಿಗೆ ತಾಮ್ರವನ್ನೊಳಗೊಂಡ ಗಾಢನೀಲಿ ಪದಾರ್ಥ ಸಿಕ್ಕಿತು; ಆಮ್ಲಕ್ಕೂ ಕ್ಷಾರಕ್ಕೂ ಕಾವಿಗೂ ಅದು ಜಗ್ಗದಿರುವುದನ್ನು ಅವರು ಬೆರಗಿನಿಂದ ಗುರುತಿಸಿದರೂ ರಚನೆಯ ಗುಟ್ಟನ್ನು ಬಿಡಿಸಲಿಲ್ಲ. ಅದರ ಮರುವರ್ಷ, 1928ರಲ್ಲಿ, ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನಲ್ಲಿದ್ದ ಸ್ಕಾಟಿಷ್ ಡೈಸ್ ಕಾರ್ಖಾನೆಯಲ್ಲಿ ನಡೆದ ಘಟನೆಯೇ ನಿರ್ಣಾಯಕವಾಯಿತು. ಥ್ಯಾಲಿಕ್ ಅನ್‌ಹೈಡ್ರೈಡ್ ಎಂಬ ಪದಾರ್ಥವನ್ನು ಕರಗಿಸಿ ಅದರೊಳಕ್ಕೆ ಅಮೋನಿಯ ಹಾಯಿಸಿ ಥ್ಯಾಲಿಮೈಡ್ ತಯಾರಿಸುವುದು ಅಲ್ಲಿನ ದಿನನಿತ್ಯದ ಕೆಲಸವಾಗಿದ್ದು, ಬೆಳ್ಳಗೆ ಇಳಿಯಬೇಕಾದ ಥ್ಯಾಲಿಮೈಡಿನಲ್ಲಿ ನೀಲಿ-ಹಸಿರಿನ ಕಲೆ ಕಾಣಿಸಿಕೊಂಡಿತು. ಕಬ್ಬಿಣದ ಪಾತ್ರೆಯ ಒಳಮೈಗೆ ಬಳಿದಿದ್ದ ಗಾಜಿನಂಥ ಎನಾಮಲ್ ಲೇಪ ಬಿರುಕುಬಿಟ್ಟು, ಬೇಯುತ್ತಿದ್ದ ಪದಾರ್ಥಕ್ಕೆ ಒಳಗಿನ ಕಬ್ಬಿಣ ತಾಗಿತ್ತು. ಮಾಲನ್ನು ಕೆಡಿಸಿದ ಆ ಕಲೆಯನ್ನು ಬಿಸಾಡಿ ಪಾತ್ರೆಯನ್ನು ದುರಸ್ತಿ ಮಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಾರ್ಖಾನೆಯ ರಸಾಯನಜ್ಞರು ಹಾಗೆ ಮಾಡದೆ ಕಲೆಯನ್ನೇ ಬೇರ್ಪಡಿಸಿ ಪರೀಕ್ಷಿಸಿದರು, ಅದರಲ್ಲಿ ಕಬ್ಬಿಣವಿದೆಯೆಂದೂ ಅದು ಮಾಸದ ಬಣ್ಣವೆಂದೂ ಕಂಡುಕೊಂಡು ಪೇಟೆಂಟಿಗೆ ಅರ್ಜಿ ಹಾಕಿದರು. ಕಸುಬಿನ ಜಾಣ್ಮೆ ವಿಜ್ಞಾನಕ್ಕೆ ಮಾಡಿದ ಉಪಕಾರಗಳ ಲೆಕ್ಕದಲ್ಲಿ ಈ ಎಚ್ಚರಕ್ಕೆ ದೊಡ್ಡ ಸ್ಥಾನ ಸಲ್ಲಬೇಕು.

ಕಾರ್ಖಾನೆ ಅಷ್ಟರಲ್ಲಿ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ಆಡಳಿತಕ್ಕೆ ಸೇರಿದ್ದರಿಂದ ಮಾದರಿಗಳು ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದವು. ಅಲ್ಲಿ ಪ್ಯಾಟ್ರಿಕ್ ಲಿನ್‌ಸ್ಟೆಡ್ ಮತ್ತು ಅವರ ಶಿಷ್ಯರು ವರ್ಷಗಟ್ಟಲೆ ದುಡಿದು, 1934ರಲ್ಲಿ ಸಾಲಾಗಿ ಪ್ರಕಟವಾದ ಲೇಖನಗಳಲ್ಲಿ ಅದರ ರಚನೆಯನ್ನು ಬಿಡಿಸಿಟ್ಟರು. ಅದಕ್ಕೆ ಥ್ಯಾಲೋಸಯನಿನ್ ಎಂದು ಹೆಸರಿಟ್ಟವರೂ ಲಿನ್‌ಸ್ಟೆಡ್ ಅವರೇ. ಕಲ್ಲೆಣ್ಣೆಯನ್ನು ಸೂಚಿಸುವ ಗ್ರೀಕ್ ಮಾತೂ ಗಾಢನೀಲಿಯನ್ನು ಸೂಚಿಸುವ ಇನ್ನೊಂದು ಗ್ರೀಕ್ ಮಾತೂ ಆ ಹೆಸರಿನಲ್ಲಿ ಕೂಡಿವೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೆ. ಮಾಂಟೀತ್ ರಾಬರ್ಟ್‌ಸನ್ ಅವರು ಎಕ್ಸ್‌ರೇ ಕಿರಣಗಳಿಂದ ಈ ರಚನೆಯನ್ನು ಸ್ವತಂತ್ರವಾಗಿ ದೃಢಪಡಿಸಿದರು. ಅಣು ಹಪ್ಪಳದಂತೆ ಚಪ್ಪಟೆ. ನಡುವೆ ಲೋಹದ ಒಂದು ಪರಮಾಣು, ಅದನ್ನು ನಾಲ್ಕು ಕಡೆಯಿಂದ ಹಿಡಿದ ನಾಲ್ಕು ಸಾರಜನಕಗಳು, ಹೊರಕ್ಕೆ ಚಾಚಿದ ನಾಲ್ಕು ದಳಗಳು, ಒಟ್ಟು 57 ಪರಮಾಣುಗಳು. ರಕ್ತದ ಹೀಮ್ ಮತ್ತು ಎಲೆಯ ಪತ್ರಹರಿತ್ತುಗಳಲ್ಲಿ ಲೋಹವನ್ನು ಹಿಡಿದಿಡುವ ಪಾರ್ಫಿರಿನ್ ಎಂಬ ಉಂಗುರಕ್ಕೆ ಇದು ಹತ್ತಿರದ ಬಂಧು. 1935ರಲ್ಲಿ ತಾಮ್ರದ ಥ್ಯಾಲೋಸಯನಿನ್ ಮೊನಾಸ್ಟ್ರಲ್ ನೀಲಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು, ಬಣ್ಣದ ಮುದ್ರಣದಲ್ಲಿ ಇಂದಿಗೂ ಬಳಕೆಯಾಗುವ ನೀಲಿ ಶಾಯಿಯ ಮುಖ್ಯ ವರ್ಣದ್ರವ್ಯ ಅದೇ.

ಈ ಅಣುವಿನ ಎರಡು ಗುಣಗಳು ಮುಂದಿನ ಕಥೆಗೆ ಅಡಿಪಾಯ. ಮೊದಲನೆಯದು, ನಡುವಿನ ಲೋಹವನ್ನು ಬದಲಿಸಬಹುದಾಗಿದ್ದು, ಅದರೊಂದಿಗೆ ಸ್ಪಿನ್ ಕೂಡ ಬದಲಾಗುತ್ತದೆ: ಬಿಡಿ ಅಣುವಿನಲ್ಲಿ ಮ್ಯಾಂಗನೀಸ್ ಇದ್ದರೆ ಜೋಡಿಯಿಲ್ಲದ ಎಲೆಕ್ಟ್ರಾನುಗಳು ಮೂರು, ಕಬ್ಬಿಣವಿದ್ದರೆ ಎರಡು, ಕೋಬಾಲ್ಟ್ ಅಥವಾ ತಾಮ್ರವಿದ್ದರೆ ಒಂದು, ನಿಕ್ಕಲ್ ಇದ್ದರೆ ಒಂದೂ ಇಲ್ಲ. ಎರಡನೆಯದು, ನಿರ್ವಾತದಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೂ ಅಣು ಒಡೆಯದೆ ನೇರವಾಗಿ ಆವಿಯಾಗುತ್ತದೆ. ಈ ಉತ್ಪತನಗುಣವನ್ನೇ ಬಳಸಿ ರಾಬರ್ಟ್‌ಸನ್ ತಮ್ಮ ಹರಳುಗಳನ್ನು ಬೆಳೆಸಿದ್ದರು. ಬಿಸಿಲಿಗೆ ಮಾಸದ, ಕಾವಿಗೆ ಕೆಡದ ಬಣ್ಣವನ್ನು ಬಯಸಿದ ವ್ಯಾಪಾರಕ್ಕೆ ಇದು ಲಾಭದ ಗುಣವಾಗಿತ್ತು. ಅರ್ಧ ಶತಮಾನದ ಮೇಲೆ, ಧೂಳಿನ ಒಂದು ಕಣವೂ ಇಲ್ಲದ ನಿರ್ವಾತದೊಳಗೆ ಅಣುಗಳನ್ನು ಒಂದೊಂದಾಗಿ ಲೋಹದ ಮೇಲೆ ಇಳಿಸಬೇಕಾಗಿ ಬಂದ ಭೌತವಿಜ್ಞಾನಿಗಳಿಗೆ ಇದೇ ಗುಣ ಕೈಹಿಡಿಯಿತು. ದೊಡ್ಡ ಅಣುಗಳಲ್ಲಿ ಬಹುಪಾಲು ಆ ಕಾವಿಗೆ ಸುಟ್ಟುಹೋಗುತ್ತವೆ. ಹೀಗಾಗಿ ಅಧಿಶೋಷಿತ ಅಣುಗಳ ಕಾಂತವಿಜ್ಞಾನ ತನ್ನ ಮೊದಲ ಮತ್ತು ಮುಖ್ಯ ಮಾದರಿಯನ್ನು ಬಣ್ಣಗಾರರ ಉಗ್ರಾಣದಿಂದಲೇ ಪಡೆಯಿತೆನ್ನುವುದು ಅತಿಶಯೋಕ್ತಿಯಲ್ಲ.

ಎರಡನೆಯ ಮೂಲ ಹಾಲೆಂಡಿನ ಲೈಡನ್. ಅಲ್ಲಿ ಕ್ಯಾಮರ್ಲಿಂಗ್ ಓನ್ನೆಸ್ 1908ರಲ್ಲಿ ಹೀಲಿಯಮ್ಮನ್ನು ದ್ರವವಾಗಿಸಿ, ಸಂಪೂರ್ಣ ಸೊನ್ನೆಗೆ ಕೆಲವೇ ಡಿಗ್ರಿಗಳಷ್ಟು ಹತ್ತಿರದ ಶೀತದಲ್ಲಿ ಲೋಹಗಳನ್ನು ಅಳೆಯುವ ಪರಂಪರೆಯನ್ನು ಆರಂಭಿಸಿದ್ದರು. ಲೋಹ ತಣ್ಣಗಾದಂತೆ ಅದರ ಪರಮಾಣುಗಳ ಕಂಪನ ಅಡಗುವುದರಿಂದ ವಿದ್ಯುತ್ತಿನ ಹರಿವಿಗೆ ಅಡ್ಡಿ ಕಡಿಮೆಯಾಗಬೇಕು, ಕೊನೆಗೆ ಒಂದು ಮಟ್ಟದಲ್ಲಿ ನಿಲ್ಲಬೇಕು. 1934ರಲ್ಲಿ ಡಿ ಹಾಸ್, ಡಿ ಬೋರ್ ಮತ್ತು ಫಾನ್ ಡೆನ್ ಬರ್ಗ್ ಅವರು ಚಿನ್ನದ ತಂತಿಯನ್ನು ಅಳೆದಾಗ ಅದರ ರೋಧ ಕನಿಷ್ಠಕ್ಕೆ ಇಳಿದು, ಇನ್ನೂ ತಣ್ಣಗಾಗಿಸಿದರೆ ಮತ್ತೆ ಏರತೊಡಗಿತು. ಲಿನ್‌ಸ್ಟೆಡ್ ಅವರ ಲೇಖನಗಳು ಬಂದದ್ದೂ ಇದೇ ವರ್ಷ. ಆದರೆ ಒಂದಕ್ಕೂ ಇನ್ನೊಂದಕ್ಕೂ ನಂಟಿರಬಹುದೆಂದು ಯಾರೂ ಊಹಿಸುವಂತಿರಲಿಲ್ಲ. ಚಿನ್ನದ ಈ ವಿಚಿತ್ರ ವರ್ತನೆಗೆ ಮೂವತ್ತು ವರ್ಷ ಸಮರ್ಪಕ ವಿವರಣೆ ದೊರೆಯಲಿಲ್ಲ. ಅದರಲ್ಲಿ ಬೆರೆತ ಕಬ್ಬಿಣದಂಥ ಕಾಂತೀಯ ಪರಮಾಣುಗಳ ಅತ್ಯಲ್ಪ ಕಲಬೆರಕೆಯೇ ಇದಕ್ಕೆ ಕಾರಣವೆಂಬುದು ಕ್ರಮೇಣ ಸ್ಪಷ್ಟವಾಯಿತು. 1961ರಲ್ಲಿ ಫಿಲಿಪ್ ಆಂಡರ್ಸನ್ ಅವರು ಲೋಹದ ಎಲೆಕ್ಟ್ರಾನುಗಳ ಕಡಲಿನಲ್ಲಿ ಮುಳುಗಿರುವ ಪರಮಾಣು ತನ್ನ ಸ್ಪಿನ್ನನ್ನು ಯಾವಾಗ ಉಳಿಸಿಕೊಳ್ಳುತ್ತದೆ, ಯಾವಾಗ ಕಳೆದುಕೊಳ್ಳುತ್ತದೆ ಎಂಬುದಕ್ಕೆ ಗಣಿತದ ಚೌಕಟ್ಟನ್ನು ಕಟ್ಟಿದರು. 1964ರಲ್ಲಿ ಟೋಕಿಯೋದ ಎಲೆಕ್ಟ್ರೋಟೆಕ್ನಿಕಲ್ ಲ್ಯಾಬೊರೇಟರಿಯ ಜುನ್ ಕೊಂಡೋ ಅವರು ಒಗಟನ್ನು ಬಿಡಿಸಿದರು.

ಕೊಂಡೋ ಅವರ ವಿವರಣೆಯ ತಿರುಳು ಇಷ್ಟು: ಲೋಹದಲ್ಲಿ ಹರಿಯುವ ಎಲೆಕ್ಟ್ರಾನು ಒಂಟಿ ಸ್ಪಿನ್ ಉಳ್ಳ ಪರಮಾಣುವನ್ನು ತಾಗಿದಾಗ ಎರಡರ ಸ್ಪಿನ್‌ಗಳೂ ತಲೆಕೆಳಗಾಗುವುದು ಸಾಧ್ಯ, ಇಂಥ ತಾಗುವಿಕೆ ಶೀತ ಹೆಚ್ಚಿದಂತೆ ಬಲಗೊಳ್ಳುತ್ತದೆ, ಆದ್ದರಿಂದ ರೋಧ ಏರುತ್ತದೆ. ಆ ಸೂತ್ರವನ್ನು ಸಂಪೂರ್ಣ ಸೊನ್ನೆಯವರೆಗೆ ಎಳೆದರೆ ರೋಧ ಅನಂತವಾಗುತ್ತಿತ್ತು, ಇದು ಅಸಾಧ್ಯ. ಒಂದು ನಿರ್ದಿಷ್ಟ ಉಷ್ಣತೆಗಿಂತ ಕೆಳಗೆ ಲೋಹದ ಎಲೆಕ್ಟ್ರಾನುಗಳು ಒಟ್ಟುಗೂಡಿ ಆ ಪರಮಾಣುವಿನ ಸುತ್ತ ವಿರುದ್ಧ ಸ್ಪಿನ್ನಿನ ಹೊದಿಕೆಯಂತೆ ನಿಂತು ಅದರ ಕಾಂತಗುಣವನ್ನು ಮರೆಮಾಡುತ್ತವೆಂಬ ಪೂರ್ಣಚಿತ್ರವನ್ನು ಕೆನೆತ್ ವಿಲ್ಸನ್ 1975ರಲ್ಲಿ ಲೆಕ್ಕಹಾಕಿ ತೋರಿಸಿದರು. ಆ ಉಷ್ಣತೆಗೆ ಕೊಂಡೋ ಉಷ್ಣತೆ ಎಂದು ಹೆಸರಾಯಿತು. ಅದು ಹೆಚ್ಚಾದಷ್ಟೂ ಸ್ಪಿನ್ನಿಗೂ ಲೋಹಕ್ಕೂ ಇರುವ ನಂಟು ಗಟ್ಟಿಯೆಂದು ಅರ್ಥ.

ಈ ಎರಡು ಧಾರೆಗಳು ಕೂಡಬೇಕಾದರೆ ಒಂದೊಂದೇ ಅಣುವನ್ನು ನೋಡುವ ಕಣ್ಣು ಬೇಕಾಗಿತ್ತು. ಜರ್ಮನಿಯ ಎರ್ವಿನ್ ಮ್ಯುಲರ್ 1950ರ ಸುಮಾರಿನಲ್ಲಿಯೇ ಚೂಪಾದ ಟಂಗ್‌ಸ್ಟನ್ ಮೊನೆಯ ಮೇಲೆ ತಾಮ್ರದ ಥ್ಯಾಲೋಸಯನಿನ್ನನ್ನು ಕೂರಿಸಿ, ಮೊನೆಯಿಂದ ಸಿಡಿಯುವ ಎಲೆಕ್ಟ್ರಾನುಗಳಿಂದ ಪರದೆಯ ಮೇಲೆ ನಾಲ್ಕು ದಳದ ಬೆಳಕಿನ ಗುರುತುಗಳನ್ನು ಮೂಡಿಸಿದ್ದರು. ಆದರೆ ಆ ದಳಗಳು ಅಣುವಿನ ನಿಜವಾದ ಆಕಾರವೇ ಎಂಬ ಚರ್ಚೆ ಮುಗಿಯಲಿಲ್ಲ. 1981ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಗರ್ಡ್ ಬಿನ್ನಿಗ್ ಮತ್ತು ಹೈನ್‌ರಿಕ್ ರೋರರ್ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕವನ್ನು ಕಟ್ಟಿದರು. ಲೋಹದ ಮೈಗೆ ಒಂದೆರಡು ಪರಮಾಣುಗಳಷ್ಟು ಹತ್ತಿರಕ್ಕೆ ಸೂಜಿಯ ಮೊನೆಯನ್ನು ತಂದಾಗ ಎರಡೂ ತಾಗದಿದ್ದರೂ ಎಲೆಕ್ಟ್ರಾನುಗಳು ನಡುವಿನ ಅಂತರವನ್ನು ಸುರಂಗ ಕೊರೆದಂತೆ ದಾಟುತ್ತವೆ. ಆ ಸಣ್ಣ ಪ್ರವಾಹವನ್ನು ಅಳೆಯುತ್ತ ಮೊನೆಯನ್ನು ಸಾಲುಸಾಲಾಗಿ ಸರಿಸಿದರೆ ಮೈಯ ಚಿತ್ರ ಮೂಡುತ್ತದೆ. 1989ರಲ್ಲಿ ಈ ಸಾಧನ ತಾಮ್ರದ ಮೇಲೆ ಕುಳಿತ ತಾಮ್ರದ ಥ್ಯಾಲೋಸಯನಿನ್ನಿನ ನಾಲ್ಕು ದಳಗಳನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿತು.

ಆಕಾರ ಕಂಡಿತು, ಸ್ಪಿನ್ ಕಾಣುವುದು ಉಳಿದಿತ್ತು. 1998ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಕ್ರೊಮ್ಮಿ ಅವರ ತಂಡ ಚಿನ್ನದ ಮೇಲಿನ ಒಂಟಿ ಕೋಬಾಲ್ಟ್ ಪರಮಾಣುವಿನ ಮೇಲೆ ಮೊನೆಯನ್ನು ನಿಲ್ಲಿಸಿ ವೋಲ್ಟೇಜನ್ನು ಸೊನ್ನೆಯ ಆಚೀಚೆ ಬದಲಿಸಿದಾಗ, ಸೊನ್ನೆಯ ಬಳಿ ಪ್ರವಾಹದ ಏರಿಕೆಯಲ್ಲಿ ಒಂದು ತಗ್ಗು ಕಾಣಿಸಿತು. ಅದು ಕೊಂಡೋ ಹೊದಿಕೆಯ ಗುರುತು. ಆ ಲೇಖನದ ಮೊದಲ ಲೇಖಕಿ ವಿದ್ಯಾ ಮಾಧವನ್. ಅದೇ ವರ್ಷ ಇನ್ನೊಂದು ತಂಡ ಬೆಳ್ಳಿಯ ಮೇಲಿನ ಸೀರಿಯಮ್ ಪರಮಾಣುವಿನಲ್ಲಿ ಇದೇ ಬಗೆಯ ಗುರುತನ್ನು ಕಂಡಿತು. ಲೈಡನ್ನಿನ ತಂತಿಯಲ್ಲಿ ಕಲಬೆರಕೆಯಾಗಿ ಅಡಗಿದ್ದದ್ದು ಈಗ ಬೆರಳಿಟ್ಟು ತೋರಿಸಬಹುದಾದ ಒಂದೇ ಪರಮಾಣುವಾಯಿತು.

ಪರಮಾಣುವಿನಿಂದ ಅಣುವಿಗೆ ದಾಟಿದ ಪ್ರಯೋಗಗಳಲ್ಲಿ 2005ರಲ್ಲಿ ಚೀನದ ಹೆಫೆಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಿಂದ ಬಂದದ್ದು ಅತ್ಯಂತ ಅರ್ಥಪೂರ್ಣವಾದದ್ದು. ಹೌ ಜಿಯಾಂಗುವೊ ಮತ್ತು ಸಂಗಡಿಗರು ಕೋಬಾಲ್ಟ್ ಥ್ಯಾಲೋಸಯನಿನ್ನನ್ನು ಚಿನ್ನದ ಮೇಲೆ ಇಳಿಸಿದಾಗ ಅದರ ಕಾಂತಗುಣದ ಯಾವ ಗುರುತೂ ಸಿಗಲಿಲ್ಲ. ಬಿಡಿ ಅಣುವಿನಲ್ಲಿದ್ದ ಒಂಟಿ ಸ್ಪಿನ್ನನ್ನು ಚಿನ್ನ ಅಳಿಸಿಹಾಕಿತ್ತು. ಅವರು ಸೂಕ್ಷ್ಮದರ್ಶಕದ ಮೊನೆಯಿಂದ ವೋಲ್ಟೇಜಿನ ಹೊಡೆತ ಕೊಟ್ಟು, ಪ್ರತಿ ದಳದ ತುದಿಯಿಂದ ಎರಡೆರಡರಂತೆ ಒಟ್ಟು ಎಂಟು ಜಲಜನಕ ಪರಮಾಣುಗಳನ್ನು ಕತ್ತರಿಸಿ ತೆಗೆದರು. ಜಲಜನಕ ಕಳೆದ ದಳಗಳು ಬಾಗಿ ಚಿನ್ನವನ್ನು ಬಿಗಿಯಾಗಿ ಕಚ್ಚಿಕೊಂಡವು, ನಡುವಿನ ಕೋಬಾಲ್ಟ್ ಕಮಾನಿನಂತೆ ತುಸು ಮೇಲೆದ್ದು ಚಿನ್ನದಿಂದ ದೂರ ಸರಿಯಿತು, ಅಳಿದಿದ್ದ ಸ್ಪಿನ್ ಮರಳಿತು. ಅದರ ಕೊಂಡೋ ಉಷ್ಣತೆ ಸುಮಾರು 208 ಕೆಲ್ವಿನ್ ಎಂದು ಅಳತೆ ಹೇಳಿತು. ಚಿನ್ನದ ಮೇಲಿನ ಬರಿಯ ಕೋಬಾಲ್ಟ್ ಪರಮಾಣುವಿನದು ಸುಮಾರು 70 ಕೆಲ್ವಿನ್ ಮಾತ್ರ. ಅಣುವಿನ ಅಂಚಿನಲ್ಲಿ ಮಾಡಿದ ಶಸ್ತ್ರಕ್ರಿಯೆಯಿಂದ ನಡುವಿನ ಪರಮಾಣುವಿನ ಕಾಂತಗುಣವನ್ನು ಹೊರಳಿಸಬಹುದೆಂಬುದು ಅಲ್ಲಿಯವರೆಗೆ ಯಾರೂ ಮಾಡಿ ತೋರಿಸದಿದ್ದ ಸಂಗತಿ.

ಲೋಹವು ಅಣುವಿನಿಂದ ಕಸಿದುಕೊಳ್ಳುವುದಷ್ಟನ್ನೇ ಮಾಡುವುದಿಲ್ಲ, ಕೊಡಲೂ ಬಲ್ಲದು. 2011ರಲ್ಲಿ ಬಾರ್ಸಿಲೋನಾದ ಐತೊರ್ ಮುಗಾರ್ಸ ಮತ್ತು ಸಂಗಡಿಗರು, ಬಿಡಿಯಾಗಿದ್ದಾಗ ಕಾಂತಗುಣವೇ ಇಲ್ಲದ ನಿಕ್ಕಲ್ ಥ್ಯಾಲೋಸಯನಿನ್ ಬೆಳ್ಳಿಯ ಮೇಲೆ ಕುಳಿತಾಗ ಬೆಳ್ಳಿಯಿಂದ ಒಂದು ಎಲೆಕ್ಟ್ರಾನನ್ನು ಪಡೆದು ಕಾಂತೀಯವಾಗುತ್ತದೆಂದು ತೋರಿಸಿದರು. ಹಾಗೆ ಬಂದ ಎಲೆಕ್ಟ್ರಾನು ನಡುವಿನ ಲೋಹಕ್ಕೆ ಸೇರದೆ ಸುತ್ತಲಿನ ಉಂಗುರದಲ್ಲಿ ನೆಲೆಸುತ್ತದೆ. ತಾಮ್ರದ ಥ್ಯಾಲೋಸಯನಿನ್ನಿನಲ್ಲಾದರೆ ನಡುವೆ ಒಂದು, ಉಂಗುರದಲ್ಲಿ ಒಂದು ಎಂದು ಎರಡು ಸ್ಪಿನ್‌ಗಳಾಗುತ್ತವೆ. ಇದಕ್ಕಿಂತ ಮೊದಲೇ, 2007ರಲ್ಲಿ, ಬರ್ಲಿನ್ನಿನ ಹೈಕೊ ವೆಂಡೆ ಅವರ ತಂಡ ಕಬ್ಬಿಣದ ಪಾರ್ಫಿರಿನ್ನನ್ನು ಕಾಂತೀಯ ನಿಕ್ಕಲ್ ಮತ್ತು ಕೋಬಾಲ್ಟ್ ಪದರಗಳ ಮೇಲೆ ಕೂರಿಸಿ, ಕೆಳಗಿನ ಪದರದ ಕಾಂತದಿಕ್ಕನ್ನು ತಿರುಗಿಸಿದರೆ ಅಣುವಿನ ಸ್ಪಿನ್ ಕೂಡ ಜೊತೆಯಲ್ಲಿ ತಿರುಗುವುದನ್ನು ದಾಖಲಿಸಿತ್ತು. ನಡುವೆ ಆಮ್ಲಜನಕದ ಒಂದು ಪದರ ಹಾಸಿದಾಗ ಅಣು ಪದರಕ್ಕೆ ವಿರುದ್ಧ ದಿಕ್ಕಿಗೆ ಮುಖಮಾಡಿತು. ಈ ಅಳತೆಗೆ ನೆರವಾದದ್ದು 1987ರಲ್ಲಿ ಗಿಸೆಲಾ ಷುಟ್ಜ್ ಮತ್ತು ಸಂಗಡಿಗರು ಮೊದಲು ಮಾಡಿ ತೋರಿಸಿದ ವಿಧಾನ: ಎಡಕ್ಕೂ ಬಲಕ್ಕೂ ಸುತ್ತುವ ಎಕ್ಸ್‌ರೇ ಕಿರಣಗಳನ್ನು ಕಾಂತೀಯ ವಸ್ತು ಸಮನಾಗಿ ಹೀರುವುದಿಲ್ಲ, ಆ ವ್ಯತ್ಯಾಸದಿಂದ ಯಾವ ಧಾತುವಿನ ಸ್ಪಿನ್ ಎತ್ತ ಮುಖಮಾಡಿದೆಯೆಂದು ತಿಳಿಯುತ್ತದೆ. 2010ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಿಕ್ಕಲ್ಲಿನ ಮೇಲಿನ ಕೋಬಾಲ್ಟ್ ಪಾರ್ಫಿರಿನ್ನಿಗೆ ನೈಟ್ರಿಕ್ ಆಕ್ಸೈಡ್ ಅನಿಲ ತಾಗಿಸಿ ಅದರ ಸ್ಪಿನ್ನನ್ನು ಆರಿಸಲಾಯಿತು, ಕಾಯಿಸಿ ಅನಿಲವನ್ನು ಬಿಡಿಸಿದಾಗ ಅದು ಮರಳಿತು. ಅನಿಲವೊಂದು ಬಂದು ಕೂತಾಗ ಲೋಹದ ಸ್ಪಿನ್ ಬದಲಾಗುವ ಈ ಬಗೆ, ಪಾಲಿಂಗ್ ರಕ್ತದಲ್ಲಿ ಕಂಡಿದ್ದ ಬಗೆಯ ನೇರ ಬಳಗ.

ಇದೇ ಕಾಲದಲ್ಲಿ ಇನ್ನೊಂದು ಆಸೆಯೂ ಈ ಕ್ಷೇತ್ರವನ್ನು ನಡೆಸುತ್ತಿತ್ತು. 1993ರಲ್ಲಿ ಇಟಲಿಯ ಫ್ಲಾರೆನ್ಸಿನ ರೊಬರ್ಟಾ ಸೆಸ್ಸೊಲಿ, ದಾಂತೆ ಗಟ್ಟೆಸ್ಕಿ ಮತ್ತು ಸಂಗಡಿಗರು ಹನ್ನೆರಡು ಮ್ಯಾಂಗನೀಸ್ ಪರಮಾಣುಗಳುಳ್ಳ ಅಣುವೊಂದು ತೀವ್ರ ಶೀತದಲ್ಲಿ ತನ್ನ ಕಾಂತದಿಕ್ಕನ್ನು ತಿಂಗಳುಗಟ್ಟಲೆ ನೆನಪಿಡುತ್ತದೆಂದು ತೋರಿಸಿದ ಮೇಲೆ, ಒಂದು ಅಣುವಿನಲ್ಲಿ ಒಂದು ಮಾಹಿತಿಯನ್ನು ಬರೆದಿಡುವ ಯೋಚನೆ ಬಲಗೊಂಡಿತು. ಬರೆಯಬೇಕಾದರೆ ಅಣುವನ್ನು ಯಾವುದಾದರೂ ಹಲಗೆಯ ಮೇಲೆ ಕೂರಿಸಬೇಕು. ಚಿನ್ನದ ಮೇಲೆ ಕೂತ ಆ ಅಣುವಿನ ಮ್ಯಾಂಗನೀಸ್ ತನ್ನ ಮೂಲಸ್ಥಿತಿಯನ್ನೇ ಕಳೆದುಕೊಂಡಿತು. ಅದೇ ಫ್ಲಾರೆನ್ಸ್ ಬಳಗ 2009ರಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳ ಅಣುವಿಗೆ ಗಂಧಕದ ತುದಿಯುಳ್ಳ ಬಾಲವನ್ನು ಜೋಡಿಸಿ ಚಿನ್ನಕ್ಕೆ ಕಟ್ಟಿದಾಗ, ಒಂದು ಕೆಲ್ವಿನ್ನಿಗೂ ಕೆಳಗಿನ ಶೀತದಲ್ಲಿ ಅದರ ನೆನಪು ಉಳಿಯಿತು. ಎರಡು ಥ್ಯಾಲೋಸಯನಿನ್ ತಟ್ಟೆಗಳ ನಡುವೆ ಟರ್ಬಿಯಮ್ ಪರಮಾಣುವನ್ನಿಟ್ಟ, ಇಶಿಕಾವ ಬಳಗ 2003ರಲ್ಲಿ ಗುರುತಿಸಿದ ಅಣುವಂತೂ ಬರಿಯ ಲೋಹದ ಮೇಲೆ ನೆನಪನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತಿತ್ತು. 2016ರಲ್ಲಿ ಬೆಳ್ಳಿಯ ಮೇಲೆ ಮೆಗ್ನೀಸಿಯಮ್ ಆಕ್ಸೈಡಿನ ತೆಳುಪದರ ಹಾಸಿ ಅದರ ಮೇಲೆ ಕೂರಿಸಿದಾಗ ನೆನಪು ಗಟ್ಟಿಯಾಗಿ ಮರಳಿತು. ಲೋಹಕ್ಕೂ ಅಣುವಿಗೂ ನಡುವೆ ಇಂಥ ತೆಳ್ಳನೆಯ ತೆರೆ ಎಳೆಯುವುದು ಈಗ ಈ ಕ್ಷೇತ್ರದ ವಾಡಿಕೆಯಾಗಿದೆ. ಉಪಯೋಗದ ದೃಷ್ಟಿಯಿಂದ ಅದು ಸರಿಯಾದರೂ, ತೆರೆಯಿಲ್ಲದೆ ಲೋಹದ ಎದುರಿಗೇ ನಿಂತ ಅಣುಗಳು ಕಲಿಸಿದ ಪಾಠವೇ ಮೂಲಭೂತವಾದದ್ದು: ಕಾಂತಗುಣವೆಂಬುದು ಅಣುವಿನದೂ ಅಲ್ಲ, ಲೋಹದ್ದೂ ಅಲ್ಲ, ಎರಡರ ಸಂಬಂಧದ್ದು.

ಗ್ರೇಂಜ್‌ಮೌತ್‌ನ ಪಾತ್ರೆಯಲ್ಲಿ 1928ರಲ್ಲಿ ಕಲೆಯಾಗಿ ಕಾಣಿಸಿಕೊಂಡಿದ್ದದ್ದು ಕಬ್ಬಿಣದ ಥ್ಯಾಲೋಸಯನಿನ್. 2021ರ ಕೊನೆಯಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಸಂಶೋಧಕರು, ಬೆಳ್ಳಿಯ ಮೇಲಿನ ಮೆಗ್ನೀಸಿಯಮ್ ಆಕ್ಸೈಡಿನ ಪದರದಲ್ಲಿ ಅದೇ ಅಣುವನ್ನು ಒಂಟಿಯಾಗಿ ಕೂರಿಸಿ, ರೇಡಿಯೋ ತರಂಗದ ಆವರ್ತನಗಳಿಂದ ಅದರ ಸ್ಪಿನ್ನನ್ನು ಅನುರಣನಗೊಳಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಬಿಡಿಯಾಗಿದ್ದಾಗ ಅದರಲ್ಲಿರುವ ಜೋಡಿಯಿಲ್ಲದ ಎಲೆಕ್ಟ್ರಾನುಗಳು ಎರಡು. ಆ ಹಾಸಿನ ಮೇಲೆ ಅದು ಒಂದೇ ಎಲೆಕ್ಟ್ರಾನಿನ ಸ್ಪಿನ್ನಿನಂತೆ ವರ್ತಿಸಿತು.